‘ರೀಪವರ್’ಗೆ ‘ಮರುಹುಟ್ಟು’ ಅನ್ನಬಹುದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಹಳೆಯ ಬೋಟಿನ ಇಂಜಿನ್ ಇಳಿಸಿ, ಆ ಜಾಗದಲ್ಲಿ ಬೇರೆ ಇಂಜಿನ್ ಕೂರಿಸಿ, ಗೇರು, ಪ್ರೊಪೆಲರ್, ಪೈಪು, ವೈರು ಎಲ್ಲವನ್ನೂ ಅದಕ್ಕೆ ಹೊಂದಿಸುವ ಕೆಲಸಕ್ಕೆ ಬೋಟಿನವರು ‘ರೀಪವರ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ? ನನಗೆ ‘ಮರುಹುಟ್ಟು’ ಅಂತ ಹೊಳೆದಿದೆ. ಸರಿಯೋ ತಪ್ಪೋ ನೀವು ಹೇಳಬೇಕು.

ದಾವಣಗೆರೆಯಲ್ಲಿ ಕೂತವಳಿಗೆ ಬೋಟಿನ ಉಸಾಬರಿ ಯಾಕೆ ಅಂತೀರಾ? ನಮ್ಮಣ್ಣನ ಮಗ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ. ಅಲ್ಲಿ 1960ರ ದಶಕದ ಕೊನೆಯ 18 ಅಡಿಯ ಸ್ಪೀಡ್ ಬೋಟೊಂದನ್ನು ಕೊಂಡಿದ್ದಾನೆ. ಕೊಂಡ ಅನ್ನುವುದಕ್ಕಿಂತ ಯಾರದ್ದೋ ಹಿತ್ತಲಲ್ಲಿ ಬಿದ್ದಿದ್ದನ್ನು ಎಳೆದುಕೊಂಡು ಬಂದ ಅನ್ನಬೇಕು. ಎರಡು ವರ್ಷದಿಂದ ಅದನ್ನೇ ಬಿಚ್ಚುವುದು, ಕಟ್ಟುವುದು. ಅಣ್ಣ 40 ವರ್ಷ ಲೇತ್ ಹಿಡಿದವನು. ಹರಿಹರದಲ್ಲೇ ತಯಾರಾದ ಕಿರ್ಲೋಸ್ಕರ್ ಲೇತಿನ ಮೇಲೆ ಕೈ ಪಳಗಿದವನು. ಭಾನುವಾರ ಮಗನ ಫೋನ್ ಬಂದರೆ ಊಟ ಆಯ್ತಾ ಅಂತಲೂ ಕೇಳುವುದಿಲ್ಲ, ‘ಇಂಜಿನ್ ಎಲ್ಲಿಗೆ ಬಂತಪ್ಪಾ?’ ಅನ್ನುತ್ತಾನೆ. ಹುಡುಗ ಕನ್ನಡದಲ್ಲೇ ಶುರು ಮಾಡುತ್ತಾನೆ. ಎರಡು ಮಾತಾಗುವಷ್ಟರಲ್ಲಿ ಬೋಟಿನ ಇಂಗ್ಲಿಷು ಬಂದುಬಿಡುತ್ತದೆ. ಆಗ ಫೋನ್ ನನ್ನ ಕೈಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ತಪ್ಪಿಗೆ ಅಪ್ಪ ಮಗನ ನಡುವೆ ಸಿಕ್ಕಿಕೊಂಡಿದ್ದೇನೆ. ಈಗ ಎಲ್ಲವನ್ನೂ ಅಣ್ಣ ನಿಧಾನಕ್ಕೆ ಕೂತು ಓದುವ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ರೀಪವರ್’ ಅಂತಲೇ ಬರೆದಿದ್ದೆ. ಪಕ್ಕದ ಮನೆಯಾಕೆ ಓದಿ, ‘ಟೀಚರ್, ಹೋದ ಕರೆಂಟು ವಾಪಸ್ ಬರೋದಾ?’ ಅಂದರು. ಅವರದ್ದೇನೂ ತಪ್ಪಿಲ್ಲ. ನಮ್ಮಲ್ಲಿ ಪವರ್ ಅಂದರೆ ಹೋಗುವುದು, ಬರುವುದು, ಅಷ್ಟೇ. ಸರಿ, ‘ಶಕ್ತಿ’ ಹಿಡಿದು ನೋಡಿದೆ. ‘ಮರುಶಕ್ತಿ’ ಅಂದರೆ ಬಾಣಂತಿಗೆ ಕೊಡುವ ಟಾನಿಕ್ ಹೆಸರಿನ ಹಾಗಿದೆ. ‘ಪುನಃಶಕ್ತೀಕರಣ’ ಅಂದರೆ ಸರ್ಕಾರದ ಸುತ್ತೋಲೆ. ಅದೂ ಅಲ್ಲದೆ 2023ರಿಂದ ಈಚೆಗೆ ನಮ್ಮ ಹೆಂಗಸರಿಗೆ ಶಕ್ತಿ ಅಂದರೆ ಬಸ್ಸೇ ನೆನಪಾಗುತ್ತದೆ.

‘ರಿಸ್ಟೋರ್’ ಅನ್ನುವುದೂ ಕಾಟ ಕೊಟ್ಟಿತು. ‘ಜೀರ್ಣೋದ್ಧಾರ’ ಅಂತ ಬರೆದೆ. ಅಣ್ಣ ಓದಿ, ‘ರಸೀದಿ ಪುಸ್ತಕ ತಂದೀಯೇನವ್ವಾ?’ ಅಂದ. ಆ ಪದ ದೇವಸ್ಥಾನಕ್ಕೆ ಅಂಟಿಕೊಂಡುಬಿಟ್ಟಿದೆ. ‘ಪುನಶ್ಚೇತನ’ವನ್ನು ಕೆರೆಗಳು ಇಟ್ಟುಕೊಂಡಿವೆ. ಕೊನೆಗೆ ನಮ್ಮ ಗ್ಯಾರೇಜಿನವರ ಮಾತನ್ನೇ ಹಿಡಿದೆ. ಅವರು ‘ರಿಪೇರಿ ಮಾಡು’, ‘ರೆಡಿ ಮಾಡು’ ಅಂತ ಎರಡು ಮಾತಾಡುತ್ತಾರೆ. ಬ್ರೇಕ್ ಹಿಡಿಯದಿದ್ದರೆ ರಿಪೇರಿ. ಮೂಲೆಗೆ ಬಿದ್ದ ಗಾಡಿಯನ್ನು ತಂದು ಇಂಜಿನ್, ಬಾಡಿ, ಪೇಂಟು ಎಲ್ಲ ನೋಡಿ ರಸ್ತೆಗೆ ಇಳಿಸಿದರೆ ‘ಗಾಡಿ ರೆಡಿ ಮಾಡಿಸಿದೆ’. ಪದ ಇಂಗ್ಲಿಷಿನದ್ದೇ ಇರಬಹುದು, ಅರ್ಥ ನಮ್ಮದು. ಅದನ್ನೇ ಇಟ್ಟುಕೊಂಡಿದ್ದೇನೆ, ಅದರ ಬಗ್ಗೆ ತಕರಾರಿಲ್ಲ.

ಇನ್ನು ಬೋಟಿನ ಅಂಗಾಂಗ. ನಮ್ಮ ಕಡೆ ದೋಣಿಯ ಪದಗಳು ಯಾಕಿಷ್ಟು ಕಡಿಮೆ ಅಂತ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ತುಂಗಭದ್ರೆಯ ದಡದಲ್ಲಿ ನಾವು ನೋಡಿದ್ದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಟಾರು, ಪ್ಲಾಸ್ಟಿಕ್ ಬಂತು. ಅದು ದುಂಡಗಿರುತ್ತದೆ. ಮುಂದೂ ಇಲ್ಲ, ಹಿಂದೂ ಇಲ್ಲ, ನಡುವೆ ಬೆನ್ನುಮೂಳೆಯೂ ಇಲ್ಲ. ಇಲ್ಲದ್ದಕ್ಕೆ ಹೆಸರು ಎಲ್ಲಿಂದ ಬರಬೇಕು? ಅಂಬಿಗ ಇದ್ದಾನೆ, ಜಲ್ಲೆ ಇದೆ, ಹುಟ್ಟು ಇದೆ. ದೋಣಿಯ ಮೂತಿಗೆ, ಹಿಂಬದಿಯ ಹಲಗೆಗೆ ಕರಾವಳಿಯವರನ್ನೇ ಕೇಳಬೇಕು. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯವರು ಈ ಬಳಗದಲ್ಲಿ ಇದ್ದೀರಲ್ವಾ? ದಯವಿಟ್ಟು ಬರೆಯಿರಿ.

ಅಣ್ಣನ ಮಗನ ಬೋಟಿನ ತಳ ಹರಿಗೋಲಿಗೆ ಪೂರಾ ಉಲ್ಟಾ. ಚೂಪಾದ ವಿ ಆಕಾರ. ಎರಡು ಪಕ್ಕವೂ ಮಟ್ಟದಿಂದ 24 ಡಿಗ್ರಿಯಷ್ಟು ಮೇಲೆದ್ದಿವೆ, ಆ ಓರೆ ಹಿಂಬದಿಯವರೆಗೂ ಹಾಗೇ ಬರುತ್ತದೆ. ಈ ನಮೂನೆಯ ತಳವನ್ನು ರೂಪಿಸಿದವನು ರೇ ಹಂಟ್. 1960ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವಿಗೆ ನಡೆದ ಬೋಟ್ ಪಂದ್ಯದಲ್ಲಿ ಸಮುದ್ರ ಸಿಕ್ಕಾಪಟ್ಟೆ ಬಿರುಸಾಗಿತ್ತು. ಡಿಕ್ ಬರ್ಟ್ರಾಮ್ ಇಂಥ ತಳದ ‘ಮೋಪಿ’ ಅನ್ನುವ ಬೋಟಿನಲ್ಲಿ ಹೋಗಿ ಗೆದ್ದ. ಅಲ್ಲಿಂದ ವೇಗದ ಬೋಟಿನವರೆಲ್ಲ ಈ ತಳದ ಹಿಂದೆ ಬಿದ್ದರು. 1964ರಲ್ಲಿ ಡಾನ್ ಅರೋನೋ ಫ್ಲಾರಿಡಾದಲ್ಲಿ ಡಾಂಜಿ ಕಂಪನಿ ಶುರು ಮಾಡಿ ಇದೇ ತಳವನ್ನು ಸಣ್ಣ ಬೋಟುಗಳಿಗೂ ತಂದ. ಚಪ್ಪಟೆ ತಳ ಅಲೆಗೆ ಬಡಿಯುತ್ತದೆ, ಚೂಪು ತಳ ಅಲೆಯನ್ನು ಸೀಳುತ್ತದೆ ಅಂತ ನಾನು ಓದಿ ಹೇಳಿದೆ. ಅಣ್ಣ, ‘ಹಂಗಾರೆ ಅದು ಕುಂಟೆ ಅಲ್ಲ, ನೇಗ್ಲು ಅನ್ನು’ ಅಂದ. ಎಷ್ಟು ಸಲೀಸಾಗಿ ಬಂತು ನೋಡಿ. ಕುಂಟೆ ಮಣ್ಣನ್ನು ಹೆರೆಯುತ್ತದೆ, ನೇಗಿಲು ಸೀಳುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ‘ನೇಗಿಲ ತಳ’ ಆಗಿದೆ. ಇದನ್ನು ಬದಲಾಯಿಸು ಅಂದರೂ ಬದಲಾಯಿಸುವವಳಲ್ಲ.

‘ಸ್ಟ್ರಿಂಗರ್’ ಅನ್ನುವುದಕ್ಕೆ ಜಗಳವೇ ಆಯಿತು. ಬೋಟಿನ ಒಳಗೆ, ನೆಲದ ಹಲಗೆಯ ಕೆಳಗೆ, ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೆ ಹೋಗುವ ಮರಗಳಿವು. ಇಂಜಿನ್ನಿನ ಭಾರವೂ ಇವುಗಳ ಮೇಲೆಯೇ. ನಾನು ‘ಜಂತೆ’ ಅಂತ ಬರೆದಿದ್ದೆ. ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಬಡಗಿ ಅಲ್ಲೇ ಕೂತಿದ್ದರು. ‘ಜಂತೆ ಅಲ್ಲಮ್ಮಾ, ತೊಲೆ’ ಅಂದರು. ಜಂತೆ ತೊಲೆಯ ಮೇಲೆ ಕೂರುತ್ತದೆ, ಭಾರ ಹೊರುವುದು ತೊಲೆ ಅಂತ ಅವರ ವಾದ. ಒಪ್ಪಿಕೊಂಡೆ.

ಆ ಕಾಲದ ಫೈಬರ್ ಬೋಟುಗಳಲ್ಲಿ ಈ ತೊಲೆಗಳು ಬರೀ ಫೈಬರ್ ಅಲ್ಲ. ಒಳಗೆ ಮರ ಅಥವಾ ಪ್ಲೈವುಡ್, ಮೇಲೆ ಫೈಬರ್ ಹೊದಿಕೆ. ಯಾವುದೋ ಸ್ಕ್ರೂ ಹಾಕಿದ ತೂತಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ವರ್ಷಗಟ್ಟಲೆ ಅಲ್ಲೇ ನಿಂತು ಮರ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಪೇಂಟು ಹೊಳೆಯುತ್ತಿರುತ್ತದೆ. ಅದಕ್ಕೇ ಸುತ್ತಿಗೆಯಿಂದ ತಟ್ಟಿ ನೋಡುತ್ತಾರಂತೆ. ಗಟ್ಟಿ ಮರವಾದರೆ ಸದ್ದು ಬಿಗಿಯಾಗಿ ಬರುತ್ತದೆ, ಕೊಳೆತಿದ್ದರೆ ‘ದಬ್’ ಅನ್ನುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಹುಡುಗ ತಟ್ಟಿದಾಗ ಎರಡೂ ತೊಲೆ ದಬ್ ಅಂದವು, ಹಿಂಬದಿಯ ಹಲಗೆಯೂ ದಬ್ ಅಂದಿತು. ಕೊರೆದು ನೋಡಿದರೆ ಒದ್ದೆ ಹೊಟ್ಟು ಬಂತಂತೆ. ಇಂಥ ಮರಕ್ಕೆ ‘ಲಡ್ಡು ಹಿಡಿದದ್ದು’ ಅನ್ನುತ್ತೇವೆ. ಮಲೆನಾಡಿನ ನನ್ನ ಸೊಸೆ ‘ಕುಂಬಾಗಿದೆ’ ಅನ್ನುತ್ತಾಳೆ. ಎರಡನ್ನೂ ಬರೆದುಕೊಂಡಿದ್ದೇನೆ, ಎರಡೂ ಚೆನ್ನಾಗಿವೆ.

ಈಗ ಇಂಜಿನ್. ಹಳೆಯದರ ಬ್ಲಾಕ್ ಒಳಗೆ ಉಪ್ಪುನೀರು ಹರಿದು ಹರಿದು ತುಕ್ಕು ತಿಂದಿತ್ತು. ಅದರ ಬದಲು ಬೋಟಿಗಂತಲೇ ಕಟ್ಟಿದ 5.7 ಲೀಟರಿನ ಷೆವರ್ಲೆ ವಿ-8 ತಂದಿದ್ದಾನೆ. ಅಣ್ಣ ಕೇಳಿದ್ದು ಸಹಜವಾದ ಪ್ರಶ್ನೆ: ‘ಕಾರಿನ ಇಂಜಿನ್ನೇ ಹಾಕಿದ್ರೆ ಆಗಲ್ವೇನೋ? ಬ್ಲಾಕ್ ಅದೇ ಅಲ್ವಾ?’ ಬ್ಲಾಕ್ ಅದೇ, ಆದರೆ ಮೈಮೇಲಿನ ಸಾಮಾನು ಬೇರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಾದರೆ ಕೆಳಗೆ ಇಳಿದು ಹೋಗುತ್ತದೆ, ಬೋಟಿನಲ್ಲಿ ತಳದಲ್ಲೇ ಕೂರುತ್ತದೆ. ಅದಕ್ಕೆ ಸ್ಟಾರ್ಟರ್, ಆಲ್ಟರ್ನೇಟರ್ ಕಿಡಿ ಹೊರಗೆ ಹಾರದ ಹಾಗೆ ಮುಚ್ಚಿರಬೇಕು. ಇಂಜಿನ್ ಶುರು ಮಾಡುವ ಮುಂಚೆ 4 ನಿಮಿಷ ಬ್ಲೋವರ್ ಓಡಿಸಿ ಆ ಆವಿಯನ್ನು ಹೊರಗೆ ಹಾಕಬೇಕು. ಇನ್ನೊಂದು ವ್ಯತ್ಯಾಸ ಏನಂದರೆ, ಕಾರಿಗೆ ಇಳಿಜಾರು ಸಿಗುತ್ತದೆ, ನೀರಿನ ಮೇಲೆ ಇಳಿಜಾರಿಲ್ಲ. ‘ಯಾವಾಗ್ಲೂ ಘಟ್ಟ ಹತ್ತೋ ಲಾರಿ ಇದ್ದಂಗೆ’ ಅಂತ ಅಣ್ಣ ತಾನೇ ಉತ್ತರ ಹೇಳಿಕೊಂಡ.

ಈ ಬೋಟಿನಲ್ಲಿ ಇಂಜಿನ್ ಒಳಗಿರುತ್ತದೆ, ಹಿಂಬದಿಯ ಹಲಗೆ ತೂರಿ ಹೊರಗೆ ಇಳಿಬಿದ್ದ ಗೇರಿನ ಭಾಗ ನೀರಿನೊಳಗಿರುತ್ತದೆ. ವೋಲ್ವೋ ಪೆಂಟಾದವರು 1959ರಲ್ಲಿ ಈ ಬಗೆಯ ಜೋಡಣೆಯನ್ನು ಮಾರುಕಟ್ಟೆಗೆ ತಂದರು. ಹೊರಗೆ ಇಳಿಬಿದ್ದ ಆ ಭಾಗಕ್ಕೆ ‘ಹಿಂಗಾಲು’ ಅಂದಿದ್ದೇನೆ. ತಕರಾರು ಇದ್ದರೆ ಹೇಳಿ.

‘ಇಂಜಿನ್ ಬದಲಾವಣೆ’ ಅಂದರೆ ಸಾಕಲ್ಲ, ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಸಾಲದು. ಹುಡುಗನ ಲೆಕ್ಕ ಕೇಳಿ. ಹಳೆಯ ಇಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗುತ್ತಿತ್ತು, ಹೊಸದು 4800. ಗೇರು ಒಂದೂವರೆಗೆ ಒಂದು, ಇಂಜಿನ್ ಒಂದೂವರೆ ಸುತ್ತು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು. ಅಂದರೆ ಹೊಸ ಇಂಜಿನ್ನಿಗೆ ಪ್ರೊಪೆಲರ್ ನಿಮಿಷಕ್ಕೆ 3200 ಸುತ್ತು. ಅದರ ಪಿಚ್ 21 ಇಂಚು. ಪಿಚ್ ಅಂದ ಕೂಡಲೇ ಅಣ್ಣ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡ. ಲೇತಿನಲ್ಲಿ ಥ್ರೆಡ್ ಹಾಕುವವನಿಗೆ ಪಿಚ್ ಹೇಳಿಕೊಡಬೇಕೇ? ತಿರುಪಿನ ಹಾಗೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೋ ಅಷ್ಟು. ಅಲ್ಲೇ ಕ್ಯಾಲೆಂಡರಿನ ಹಿಂದೆ ಗುಣಿಸಿದ. ಗಂಟೆಗೆ 102 ಕಿಲೋಮೀಟರ್. ಆದರೆ ನೀರು ಕಬ್ಬಿಣದ ನಟ್ ಅಲ್ಲ, ಪ್ರೊಪೆಲರ್ ಸ್ವಲ್ಪ ಜಾರುತ್ತದೆ. ನೂರಕ್ಕೆ ಹತ್ತು ಜಾರಿದರೆ 92. ‘ಹರಿಹರಕ್ಕೆ ಹತ್ತು ನಿಮಿಷ ಸಾಕು’ ಅಂತ ಅಣ್ಣ ಕ್ಯಾಲೆಂಡರ್ ಕೆಳಗಿಟ್ಟ. ಪಿಚ್ ಕಡಿಮೆಯಾದರೆ ಇಂಜಿನ್ ಮಿತಿ ಮೀರಿ ಕಿರುಚುತ್ತದೆ, ಜಾಸ್ತಿಯಾದರೆ ಏದುಸಿರು ಬಿಡುತ್ತದೆ. ಅಂದರೆ ಇಂಜಿನ್ನಿನ ಜೊತೆ ಪ್ರೊಪೆಲರನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಬೋಟನ್ನು ನಡೆಸುವುದೆಲ್ಲವೂ ಬದಲಾಗುತ್ತದೆ. ಆ ‘ಎಲ್ಲವೂ’ ಬರುವ ಪದ ನನಗೆ ಬೇಕು.

ಅಣ್ಣ ‘ಹಳೇ ಬಂಡಿಗೆ ಹೊಸ ಎತ್ತು ಕಟ್ಟಿದಂಗೆ’ ಅಂದ. ಚೆಂದದ ಮಾತು, ಆದರೆ ಹೆಸರಾಗುವುದಿಲ್ಲ. ಅವತ್ತು ರಾತ್ರಿ ‘ಹುಟ್ಟು’ ಹೊಳೆಯಿತು. ಇಂಜಿನ್ ಬರುವ ಮುಂಚೆ ದೋಣಿಯನ್ನು ನಡೆಸುತ್ತಿದ್ದದ್ದೇ ಹುಟ್ಟು. ಬೇರೆ ಹುಟ್ಟು ಕೊಟ್ಟರೆ ಮರುಹುಟ್ಟು. ಕೇಳಿದವರಿಗೆ ಮತ್ತೆ ಹುಟ್ಟಿ ಬಂದದ್ದೂ ಕೇಳಿಸುತ್ತದೆ. ಹಿತ್ತಲಲ್ಲಿ ಬಿದ್ದಿದ್ದ ಬೋಟಿಗೆ ಅದೂ ಸರಿಯೇ.

ತೊಂದರೆ ಇರುವುದೂ ಅಲ್ಲೇ. ‘ಬೋಟಿನ ಮರುಹುಟ್ಟು’ ಅಂದರೆ ಹುಟ್ಟುಗೋಲು ಮುಳುಗಿ ಹೋಗಿ ಜನ್ಮ ಮಾತ್ರ ತೇಲುತ್ತದೆ. ‘ಬೋಟಿಗೆ ಮರುಹುಟ್ಟು ಹಾಕಿಸಿದ’ ಅಂದರೆ ಮಾತ್ರ ಹುಟ್ಟುಗೋಲು ಮೇಲೆ ಬರುತ್ತದೆ. ವಿಭಕ್ತಿ ಬದಲಾದರೆ ಅರ್ಥವೇ ಮಗ್ಗುಲು ಬದಲಾಯಿಸುತ್ತದೆ. ಇದು ಪದದ ಗುಣವೋ ದೋಷವೋ ನನಗೆ ತೀರ್ಮಾನ ಆಗುತ್ತಿಲ್ಲ. ಜೊತೆಗೆ ‘ಹುಟ್ಟುಹಾಕು’ ಬೇರೆ ಇದೆ. ಸಂಘ ಹುಟ್ಟುಹಾಕಿದರು ಅನ್ನುವಾಗಿನದು ಜನ್ಮದ ಹುಟ್ಟು, ಅಂಬಿಗ ಹುಟ್ಟು ಹಾಕುವಾಗಿನದು ಕೋಲಿನ ಹುಟ್ಟು. ಜೇನುಹುಟ್ಟು ಇನ್ನೊಂದು. ಜನ್ಮದ ಹುಟ್ಟು ಹಳಗನ್ನಡದಲ್ಲಿ ‘ಪುಟ್ಟು’. ಕೋಲಿನ ಹುಟ್ಟೂ ಅದೇ ಬೇರಿನದೋ, ಬರೀ ಉಚ್ಚಾರ ಒಂದಾಗಿದ್ದೋ? ಹಳಗನ್ನಡ ಓದಿಕೊಂಡವರು ಹೇಳಿದರೆ ಉಪಕಾರ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ನಾಡದೋಣಿಗೆ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹೊರಗೆ ತೂಗುಹಾಕುವ ಇಂಜಿನ್ ಬಂದಾಗ, ಆಮೇಲೆ ಅದನ್ನು ತೆಗೆದು ದೊಡ್ಡದನ್ನು ಹಾಕಿಸಿದಾಗ ನಿಮ್ಮ ಕಡೆ ಏನನ್ನುತ್ತಾರೆ? ಬರೀ ‘ಇಂಜಿನ್ ಕೂರಿಸಿದೆವು’ ಅನ್ನುತ್ತಾರೋ, ಬೇರೆ ಮಾತಿದೆಯೋ? ಬಳಕೆಯ ಮಾತಿದ್ದರೆ ನನ್ನ ಮರುಹುಟ್ಟನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.

ಮುಂದಿನ ತಿಂಗಳು ಬೋಟನ್ನು ನೀರಿಗಿಳಿಸುತ್ತಾನಂತೆ. ‘ನೀರಿಗಿಳಿಸು’ವುದಕ್ಕೆ ಪದ ಹುಡುಕಬೇಕಾಗಿಲ್ಲ, ಸದ್ಯ. ಅಣ್ಣ ನೋಟ್‌ಬುಕ್ಕಿನಲ್ಲಿ 12ನೇ ಪುಟಕ್ಕೆ ಬಂದಿದ್ದಾನೆ. ರೀಪವರ್ ಬರುವುದು 15ರಲ್ಲಿ. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.