ಆಫೀಸ್ ರಿಸೆಪ್ಶನ್‌ನಲ್ಲಿ ಒಂದಡಿ ಉಪ್ಪುನೀರಿನ ಟ್ಯಾಂಕ್, ಏನೇನ್ ಬಿಡ್ಬೋದು?

ಗಪ್ಪಿಗಿರಾಕಿ:
ಎಲ್ರಿಗೂ ನಮಸ್ಕಾರ. ಜಯನಗರದಲ್ಲಿ ನಮ್ದು ಆರು ಜನರ ಸಣ್ಣ ಆಡಿಟ್ ಆಫೀಸು. ಬಾಸ್ ಯಾವ್ದೋ ಹೋಟ್ಲಲ್ಲಿ ಮರೈನ್ ಟ್ಯಾಂಕ್ ನೋಡ್ಕೊಂಡ್ ಬಂದಾಗಿಂದ ಹುಚ್ಚು ಹತ್ತಿಸ್ಕೊಂಡು, ಉದ್ದ ಅಗಲ ಎತ್ತರ ಎಲ್ಲಾ ಒಂದೊಂದಡಿ ಇರೋ ಟ್ಯಾಂಕ್ ತಂದು "ಮನೇಲಿ ಗಪ್ಪಿ ಸಾಕಿದೀಯಲ್ಲ, ನೀನೇ ನೋಡ್ಕೋ" ಅಂತ ನನ್ ತಲೆಗೆ ಕಟ್ಟಿದಾರೆ. ಆರ್‌ಓ ನೀರಿಗೆ ಮರೈನ್ ಸಾಲ್ಟ್ ಹಾಕಿ, ಮರಳು, ಒಣ ರಾಕ್, ಹ್ಯಾಂಗಿಂಗ್ ಫಿಲ್ಟರ್, ಹೀಟರ್ ಇಟ್ಟು ಮೂರು ವಾರ ಆಯ್ತು. ಮೀನಿಗೆ ವಿಷ ಆಗೋ ಅಮೋನಿಯಾ ಟೆಸ್ಟ್ ಮಾಡಿದ್ರೆ ಹಳದಿ (ಅಂದ್ರೆ ಸೊನ್ನೆ) ಬರ್ಬೇಕಲ್ವಾ, ನಂದು ಇನ್ನೂ ತಿಳಿ ಹಸಿರಲ್ಲೇ ನಿಂತಿದೆ, 0.25 ಪಿಪಿಎಂ. ಬಾಸ್ ಲಿಸ್ಟು: ಎರಡು ನೀಮೋ (ಕ್ಲೌನ್ ಮೀನು), ಒಂದು ಡೋರಿ (ಅದೇ ಸಿನಿಮಾದ ನೀಲಿ ಮೀನು), ಒಂದು ಸೀಹಾರ್ಸ್, ಒಂದು ಅನಿಮೋನ್ (ಹೂವಿನ ಥರ ಕಾಣೋ ಸಮುದ್ರ ಜೀವಿ). ಅಂಗಡಿಯವ್ನು "ಎಲ್ಲಾ ಬಿಡ್ಬೋದು ಸಾರ್" ಅಂತಾನೆ. ಭಾನುವಾರ ರಜ, ರಾತ್ರಿ ಎಸಿ ಆಫ್. ನಮ್ ಉಡುಪಿ ಕಲೀಗ್ ಬೇರೆ ಮಲ್ಪೆಯಿಂದ ಕ್ಯಾನಲ್ಲಿ ಸಮುದ್ರದ್ ನೀರೇ ತರ್ತೀನಿ ಅಂತಿದಾನೆ 😅

ಉಪ್ಪುನೀರ್‌ತಿಪ್ಪ:
ಅಂಗಡಿಯವ್ನಿಗೇನ್ರೀ, ಸತ್ರೆ ಇನ್ನೊಂದ್ ಮೀನು ಮಾರ್ತಾನೆ. ಡೋರಿ ಒಂದಡಿ ಉದ್ದ ಬೆಳೆಯೋ ಮೀನು, ನಿಮ್ ಟ್ಯಾಂಕೇ ಒಂದಡಿ! ಸೀಹಾರ್ಸ್ ಮಾತೇ ಎತ್ಬೇಡಿ, 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಟ್ಟಿಗೆ ಸೇರಿಸಿದಾರೆ, ಗಟ್ಟಿ ಹವಳಾನೂ ಹಾಗೇ, ಆಡಿಟ್ ಆಫೀಸಲ್ಲಿ ಕಾನೂನಿಗೆ ವಿರುದ್ಧದ ಮಾಲು ಇಟ್ರೆ ಚೆನ್ನಾಗಿರಲ್ಲ. ಅನಿಮೋನ್‌ಗೆ ಹಳೇ ಟ್ಯಾಂಕು, ಜೋರು ಲೈಟು ಬೇಕು, ಸತ್ರೆ ಒಂದೇ ರಾತ್ರೀಲಿ ನೀರೆಲ್ಲಾ ಕೊಳೆಸುತ್ತೆ. ಅದಿಲ್ದೆ ನೀಮೋ ಆರಾಮಾಗಿರುತ್ತೆ, ಆದ್ರೆ ಕ್ಲೌನ್ ಮೀನೂ 8 ಸೆಂಟಿಮೀಟರ್ ಬರುತ್ತೆ, ಇದ್ರಲ್ಲಿ ಜೋಡಿ ನಾನಾದ್ರೆ ಬಿಡಲ್ಲ.

ಲೆಕ್ಕದಲ್ಲಿ 28 ಲೀಟರ್, ಕಲ್ಲು ಮರಳು ಕಳೆದ್ರೆ 22 ಉಳಿದ್ರೆ ಹೆಚ್ಚು. ಅದ್ರಲ್ಲಿ ಎರಡು ಮೂರು ದಿನದಲ್ಲಿ ಒಂದ್ ಲೀಟರ್ ಆವಿ ಆಗೋದು ಮಾಮೂಲು, ಆದ್ರೆ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ನಾನು ಮೊದಲ್ನೇ ಟ್ಯಾಂಕಲ್ಲಿ ಇಳಿದಷ್ಟಕ್ಕೂ ಉಪ್ಪುನೀರೇ ಸುರಿತಿದ್ದೆ, ಎರಡೇ ತಿಂಗ್ಳಲ್ಲಿ ರಿಫ್ರಾಕ್ಟೋಮೀಟರ್ (ಉಪ್ಪಂಶ ಅಳೆಯೋ ಸಾಧನ) ನೀರಿನ ಸಾಂದ್ರತೆ 1.032 ತೋರಿಸ್ತು, ಅಷ್ಟೊತ್ತಿಗೆ ಬಸವನಹುಳ ಎಲ್ಲಾ ಚಿಪ್ಪೊಳಗೇ ಹೋಗಿದ್ವು. ಗಾಜಿನ ಮೇಲೆ ಒಂದು ಟೇಪ್ ಅಂಟಿಸಿ, ನೀರು ಅದಕ್ಕಿಂತ ಕೆಳಗಿಳಿದ್ರೆ ಬರೀ ಆರ್‌ಓ ನೀರು. ವಾರಕ್ಕೊಂದ್ಸಲ ಎರಡು ಮೂರು ಲೀಟರ್ ಬದಲಾಯಿಸ್ವಾಗ ಮಾತ್ರ ಉಪ್ಪು ಬೆರೆಸಿದ್ದು, ಲೀಟರಿಗೆ ಸುಮಾರು 36 ಗ್ರಾಂ, 1.025 ಬರ್ಬೇಕು.

ಮಲ್ಪೆ ನೀರು ಬೇಡ. ಬಂದರಿನ ಡೀಸೆಲ್ಲು, ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪಂಶ ಎಷ್ಟಿರುತ್ತೋ ಗೊತ್ತಾಗಲ್ಲ.

ಹುಬ್ಬಳ್ಳಿ_ಸೀಗಡಿ:
ನೋಡ್ರೀ ಸರ, ನಮ್ಮ ಅಂಗಡಿ ಕೌಂಟರ್ ಮ್ಯಾಲೆ ಇಷ್ಟ ಸೈಜಿಂದ ಐತಿ, ಅದರಾಗ ಮೀನಾ ಇಲ್ರಿ. ಮೂರ್ ಸೆಕ್ಸಿ ಶ್ರಿಂಪ್ (ಸಣ್ಣ ಸೀಗಡಿ, ಹೆಸರ ಹಂಗ ಐತ್ರಿ, ನಾ ಇಟ್ಟಿದ್ದಲ್ಲ, ಗಿರಾಕಿ ಮುಂದ ಹೇಳಾಕ ನಮಗೂ ನಾಚಿಕಿ ಬರತೈತಿ), ಎರಡ್ ಹರ್ಮಿಟ್ ಏಡಿ, ನಾಕ್ ಬಸವನಹುಳ. ಆ ಶ್ರಿಂಪ್ ಬೆರಳಿನ ಉಗುರಿನಷ್ಟ ಇರತೈತಿ, ಬಾಲ ಮ್ಯಾಲೆತ್ತಿ ಕುಣಕೋತ ಕುಂತಿರತೈತಿ, ಬಂದಾವ್ರು ಬಿಲ್ ಕೊಡೂದ್ ಮರತು ಅದನ್ನ ನೋಡ್ತಾರ. ಹೊಲಸು ಕಡಿಮಿ, ಎರಡ್ ದಿನ ಉಪವಾಸ ಇದ್ರೂ ನಡೀತೈತಿ.

ಆದ್ರ ಒಂದ್ ಮಾತು, ಆಫೀಸನ್ಯಾಗ ಪೆಸ್ಟ್ ಕಂಟ್ರೋಲ್ ಮಾಡಸ್ತೀರಿ ಅಲ್ರಿ? ಆ ಜಿರಳಿ ಔಷಧ ಶ್ರಿಂಪಿಗೂ ವಿಷನ. ಹಿಟ್ ಹೊಡದ ಮರುದಿನ ಮುಂಜಾನಿ ನಮ್ಮವು ಐದಕ್ಕ ಐದೂ ಅಂಗಾತ ಬಿದ್ದಿದ್ದೂ ರೀ. ಮೀನಿನ ರೋಗಕ್ಕ ತಾಮ್ರದ ಔಷಧ ಕೊಡತಾರಲ್ಲ, ಅದೂ ಹಂಗ, ಹಾಕಬ್ಯಾಡ್ರಿ.

ಗಪ್ಪಿಗಿರಾಕಿ:
ಅಯ್ಯೋ, ಈ ಶನಿವಾರನೇ ಪೆಸ್ಟ್ ಕಂಟ್ರೋಲ್ ಬುಕ್ ಆಗಿದೆ! ಹೇಗೂ ಟ್ಯಾಂಕಲ್ಲಿ ಇನ್ನೂ ಯಾವ್ದೂ ಬಿಟ್ಟಿಲ್ಲ, ಮುಚ್ಚಿಟ್ರೆ ಸಾಕಾ? ಮತ್ತೆ ಮೀನೇ ಇಲ್ಲ ಅಂದ್ರೆ ಬಾಸ್ ಒಪ್ಪಲ್ಲ, ಒಂದಾದ್ರೂ ಹೇಳಿ.

ಉಪ್ಪುನೀರ್‌ತಿಪ್ಪ:
ಪ್ಲಾಸ್ಟಿಕ್ ಹೊದಿಸಿ, ಏರ್ ಪಂಪ್ ಇದ್ರೆ ಆಫ್ ಮಾಡಿ, ಅದು ರೂಮಿನ ಗಾಳೀನೇ ಎಳ್ಕೊಂಡ್ ನೀರಿಗೆ ಬಿಡೋದು. ಮೀನು ಬೇಕೇ ಬೇಕು ಅಂದ್ರೆ ಒಂದೇ ಒಂದು ನಿಯಾನ್ ಗೋಬಿ ಇಲ್ಲಾ ಕ್ಲೌನ್ ಗೋಬಿ, ಎರಡೂ ಸುಮಾರು 5 ಸೆಂಟಿಮೀಟರ್ ಅಷ್ಟೇ. ಅದೂ ಅಮೋನಿಯಾ ಟೆಸ್ಟ್ ಟ್ಯೂಬು ಹಳದಿ ಬಂದು, ನೈಟ್ರೈಟೂ (ಅಮೋನಿಯಾದಿಂದ ಆಗೋ ಇನ್ನೊಂದ್ ವಿಷ) ಸೊನ್ನೆ ಆಗಿ ಒಂದ್ ವಾರ ಅಲ್ಲೇ ನಿಂತ್ಮೇಲೆ. ಮೊದ್ಲು ಬಸವನಹುಳ, ಎರಡು ವಾರ ಬಿಟ್ಟು ಶ್ರಿಂಪ್, ಮೀನು ಕೊನೇಗೆ. ಫುಡ್ ಡಬ್ಬಿ ನಿಮ್ ಡ್ರಾಯರಲ್ಲಿ ಬೀಗ ಹಾಕಿಡಿ, ಇಲ್ಲಾಂದ್ರೆ ಆರು ಜನಾನೂ ಒಂದೊಂದ್ ಚಿಟಿಕೆ ಹಾಕ್ತಾರೆ.

ಗಪ್ಪಿಗಿರಾಕಿ:
ಬಾಸ್‌ಗೆ ಹೇಳ್ದೆ. ಡೋರಿ ಬಿಟ್ರು, ಸೀಹಾರ್ಸ್ ಬಿಟ್ರು, ಗೋಬಿ ಫೋಟೋ ನೋಡಿ "ಇದೇನೋ ಇಷ್ಟೇನಾ" ಅಂದ್ರು. ಶ್ರಿಂಪ್ ಅಂದಿದ್ದಕ್ಕೆ "ಅದು ಫ್ರೈ ಮಾಡೋದಲ್ವಾ" ಅಂತ ಕೇಳಿದ್ರು. ಟೇಪ್ ಅಂಟಿಸಿದೀನಿ. ಇವತ್ತು ಮತ್ತೆ ಟೆಸ್ಟ್ ಮಾಡ್ದೆ, ಇನ್ನೂ ಹಸಿರೇ.