ಸಹಾಯ ಬೇಕು: ಎರವ ಭಾಷೆ ಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವಳು, ಮನಃಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಾಫಿ ತೋಟಗಳ ಲೈನ್‌ಮನೆಗಳಲ್ಲಿರುವ (ಕೂಲಿಯವರ ಸಾಲುಮನೆಗಳು) ಎರವ ಬುಡಕಟ್ಟಿನ ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪಟ್ಟಿಯ ಒಂಬತ್ತು ಪ್ರಶ್ನೆಗಳನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಒಬ್ಬ ಅಜ್ಜಿ ಪ್ರತಿಯೊಂದಕ್ಕೂ ‘ಎದೆ ಭಾರ, ಮೈಯೆಲ್ಲ ನೋವು’ ಎಂದಷ್ಟೇ ಹೇಳಿದರು. ಅದಕ್ಕೆ ಯಾವ ಅಂಕ ಹಾಕಲಿ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2008ರಲ್ಲಿ ಮನಃಶಾಸ್ತ್ರಜ್ಞ ಜೆಫ್ರಿ ಆರ್ನೆಟ್ ಅಮೆರಿಕದ ಪ್ರಮುಖ ಮನಃಶಾಸ್ತ್ರ ನಿಯತಕಾಲಿಕಗಳನ್ನು ಪರಿಶೀಲಿಸಿದಾಗ, ಅಧ್ಯಯನಕ್ಕೆ ಒಳಗಾದವರಲ್ಲಿ ಸುಮಾರು ಶೇ 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು ಕಂಡುಬಂತು. ನಮ್ಮ ಅಜ್ಜಿ ಆ ಲೆಕ್ಕದಲ್ಲೇ ಇಲ್ಲ! ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ, 2013ರ ಡಿಎಸ್‌ಎಂ-5 ಎಂಬ ಅಮೆರಿಕದ ಕೈಪಿಡಿಯಲ್ಲಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವಿದೆ. ನಿಮ್ಮ ಕಷ್ಟವನ್ನು ನೀವು ಏನೆಂದು ಕರೆಯುತ್ತೀರಿ, ಅದು ಯಾವುದರಿಂದ ಬಂತು ಎಂದು ನಿಮ್ಮವರು ಭಾವಿಸುತ್ತಾರೆ ಎಂದು ಅದು ಕೇಳುತ್ತದೆ. ಅದನ್ನೇ ಎರವ ಭಾಷೆಗೆ ತರಬೇಕೆಂದಿದ್ದೇನೆ.

ಇದಕ್ಕೆ ಇಬ್ಬರು ಬೇಕು. ಒಬ್ಬರು ಅನುವಾದಿಸಬೇಕು, ಇನ್ನೊಬ್ಬರು ಮೂಲವನ್ನು ನೋಡದೆ ಅದನ್ನು ಮರಳಿ ಕನ್ನಡಕ್ಕೆ ತರಬೇಕು. ಆ ಸಮುದಾಯದವರೇ ಆದರೆ ಬಹಳ ಒಳ್ಳೆಯದು. ಸಂಭಾವನೆ ಖಂಡಿತ ಕೊಡುತ್ತೇನೆ. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಬಿಡುವಿರುವುದಿಲ್ಲ, ಅದಕ್ಕೆ ಮೊದಲೇ ಮುಗಿಸಬೇಕು. ಪೊನ್ನಂಪೇಟೆ, ಕುಟ್ಟ ಕಡೆ ಯಾರಾದರೂ ಪರಿಚಯದವರಿದ್ದರೆ ದಯವಿಟ್ಟು ತಿಳಿಸಿ, ನಾನೇ ಬರುತ್ತೇನೆ.