ಅಪ್ಪನ ದಮ್ಮು ಮೂರು ಸಲ ಕೆರಳಿತು, ಮೂರು ಸಲವೂ ನನ್ನ ಅಲಾರಂ ಸುಮ್ಮನಿತ್ತು. ಏನು ತಪ್ಪಿದೆ?

ರಾತ್ರಿಲಾಗರ್ ಬರೆದದ್ದು:
ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನಿಗೆ ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ. 425 ದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರ ಎಸ್‌ಪಿಒ2 (ರಕ್ತದಲ್ಲಿನ ಆಕ್ಸಿಜನ್ ಶೇಕಡಾ) ಮತ್ತು ನಾಡಿ ಲಾಗ್ ಆಗುತ್ತಿದೆ. ಇಎಸ್‌ಪಿ32 ಚಿಪ್, ಬೆರಳಿನ ಸೆನ್ಸರ್ ಮ್ಯಾಕ್ಸ್30102, ರೀಡಿಂಗ್ ಕಳಿಸಲು ಎಂಕ್ಯೂಟಿಟಿ, ಪುಟ್ಟ ಕಂಪ್ಯೂಟರ್ ಪೈ, ಡೇಟಾಬೇಸ್ ಇನ್‌ಫ್ಲಕ್ಸ್, ಗ್ರಾಫಿಗೆ ಗ್ರಫಾನಾ. ಮಾಮೂಲಿ ಸೆಟಪ್ಪೇ. ಆಸ್ಪತ್ರೆ ಸೇರುವ ಹಿಂದಿನ 4 ದಿನಕ್ಕೆ 1, ಉಳಿದ ದಿನಕ್ಕೆಲ್ಲ 0 ಅಂತ ಲೇಬಲ್ ಹಾಕಿ ರ್ಯಾಂಡಮ್ ಫಾರೆಸ್ಟ್ ಅನ್ನುವ ಮುನ್ಸೂಚನೆ ಮಾಡೆಲ್ ಓಡಿಸಿದ್ದೇನೆ. ಆಕ್ಯುರಸಿ 97%.

ಆದರೂ ಮೂರು ಸಲ ಅಡ್ಮಿಟ್ ಆದರು. ಒಂದು ಸಲವೂ ಮಾಡೆಲ್ ಬಾಯಿ ಬಿಡಲಿಲ್ಲ. ಮೊನ್ನೆ ಬೆಳಿಗ್ಗೆ 93 ತೋರಿಸಿತು, ಗ್ರಾಫಿನಲ್ಲಿ ಹಸಿರು ಗೆರೆ. ಅದೇ ಸಂಜೆ ಅಪ್ಪ ಮಂಚದ ಅಂಚಿಗೆ ಬಂದು, ಎರಡೂ ಕೈ ಮೊಣಕಾಲಿಗೆ ಊರಿ, ಹೆಗಲು ಮೇಲಕ್ಕೆತ್ತಿ ಎತ್ತಿ ಉಸಿರಾಡುತ್ತಿದ್ದರು. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ.

ಇನ್ನೊಂದು ಕಿರಿಕಿರಿ. 90ಕ್ಕಿಂತ ಕೆಳಗಿಳಿದರೆ ಕೂಗು ಅಂತ ಬೇರೆ ರೂಲ್ ಇಟ್ಟಿದ್ದೇನೆ. ಅದು 11 ಸಲ ಸುಮ್ಸುಮ್ನೆ ಕೂಗಿದೆ. ಎಲ್ಲವೂ ಬೆಳಿಗ್ಗೆ ಹೊತ್ತು.

ಸೆನ್ಸರ್ ಸರಿಯಿದೆ. ಕೋಡ್ ಸರಿಯಿದೆ. ದಯವಿಟ್ಟು ಅದನ್ನೇ ಮತ್ತೆ ಕೇಳಬೇಡಿ.

ತಂತಿಸುಬ್ಬ:
ಸೆನ್ಸರೇ ಸರ್. ಬೆಳಿಗ್ಗೆ ಬೆರಳು ತಣ್ಣಗಿರುತ್ತದೆ, ರಕ್ತ ಓಡಾಟ ಕಡಿಮೆ, ಸಿಗ್ನಲ್ ಸಣ್ಣದು. ಆ ಸೆನ್ಸರಿನ ಲೈಬ್ರರಿಯ ಉದಾಹರಣೆ ಕೋಡ್ 100 ಸ್ಯಾಂಪಲ್ ತೆಗೆದುಕೊಂಡು 4 ಸೆಕೆಂಡಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಬೆರಳು ಸ್ವಲ್ಪ ಒತ್ತಿದರೂ ಲೆಕ್ಕ ಅಡ್ಡಾದಿಡ್ಡಿ. ಎಲ್‌ಇಡಿ ಕರೆಂಟ್ ಎಷ್ಟಿಟ್ಟಿದ್ದೀರಿ?

ರಾತ್ರಿಲಾಗರ್:
ಬೇಡ ಅಂದಿದ್ದನ್ನೇ ಕೇಳಿದಿರಿ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ ಪಕ್ಕದಲ್ಲಿಟ್ಟು ಒಂದು ತಿಂಗಳು ಹೋಲಿಸಿದ್ದೇನೆ. 1 ಅಥವಾ 2 ವ್ಯತ್ಯಾಸ, ಅಷ್ಟೇ.

ತಂತಿಸುಬ್ಬ:
ಆ ಕ್ಲಿಪ್ಪೇ 2 ಆಚೀಚೆ ತೋರಿಸುತ್ತದೆ. ತಪ್ಪು ಗಡಿಯಾರ ನೋಡಿ ಇನ್ನೊಂದು ಗಡಿಯಾರ ತಿರುಗಿಸಿದ ಹಾಗಾಯಿತು. ಕಪ್ಪು ಚರ್ಮದಲ್ಲಿ ಈ ಯಂತ್ರಗಳು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು, 2020ರಿಂದ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಉಗುರು ಬಣ್ಣ ಇದ್ದರೂ ತೊಂದರೆ.

ರಾತ್ರಿಲಾಗರ್:
ಅಪ್ಪನಿಗೆ 71 ವರ್ಷ ಮಾರಾಯ್ರೆ. ಉಗುರು ಬಣ್ಣ ಹಚ್ಚುವುದಿಲ್ಲ.

ಗ್ರಾಫ್‌ಗಿರಾಕಿ:
ಗಾಳಿಯನ್ನೂ ಅಳೆಯಬೇಕು ಗುರು, ಒಳಗಿನದನ್ನು ಮಾತ್ರ ನೋಡಿದರೆ ಹೇಗೆ? ನಮ್ಮಲ್ಲಿ ಮೂರು ಕೋಣೆಗೆ ಮೂರು ಪಿಎಂಎಸ್5003 ಧೂಳಿನ ಸೆನ್ಸರ್, ಜೊತೆಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಎಸ್‌ಸಿಡಿ41. ಎಲ್ಲವೂ 10 ಸೆಕೆಂಡಿಗೊಮ್ಮೆ. ಗೋಡೆಗೆ ಹಳೇ ಟ್ಯಾಬ್ಲೆಟ್ ಸಿಕ್ಕಿಸಿ ಡ್ಯಾಶ್‌ಬೋರ್ಡ್ ಹಾಕಿದ್ದೇನೆ. ಒಗ್ಗರಣೆ ಹಾಕಿದರೆ ಪಿಎಂ2.5 (ಸಣ್ಣ ಧೂಳು) ಗೆರೆ ಸೀದಾ ಮೇಲಕ್ಕೆ. ಫೋಟೋ ಬೇಕಾದರೆ ಹಾಕುತ್ತೇನೆ.

ಎಣಿಕೆಗಾರ:
ಆ ಧೂಳಿನ ಸೆನ್ಸರ್ ಬೆಳಕು ಚದುರುವುದನ್ನು ನೋಡಿ ಧೂಳು ಎಣಿಸುತ್ತದೆ. ತೇವ ಜಾಸ್ತಿ ಇದ್ದರೆ ಮಂಜಿನ ಹನಿಯನ್ನೂ ಧೂಳು ಅನ್ನುತ್ತದೆ. ಹೊಗೆ, ಧೂಳು ಈ ಕಾಯಿಲೆಯನ್ನು ಕೆರಳಿಸುತ್ತವೆ, ಅದು ಬೇರೆ ಮಾತು. ಆದರೆ ಹೆಚ್ಚಿನ ಸಲ ಶುರುವಾಗುವುದು ನೆಗಡಿಯ ವೈರಸ್ಸಿನಿಂದಲೋ ಬ್ಯಾಕ್ಟೀರಿಯಾದಿಂದಲೋ. ಮೂರು ಡಬ್ಬ ಅದನ್ನು ಹಿಡಿಯುವುದಿಲ್ಲ.

ಗ್ರಾಫ್‌ಗಿರಾಕಿ:
ತೇವಕ್ಕೆ ಕರೆಕ್ಷನ್ ಹಾಕಿದ್ದೇನೆ. ಎಲ್ಲರನ್ನೂ ದಡ್ಡರು ಅಂದುಕೊಳ್ಳಬೇಡಿ. ಅಂದಹಾಗೆ ದಿನಕ್ಕೆ ಎರಡು ರೀಡಿಂಗಿಗೆ ಇನ್‌ಫ್ಲಕ್ಸ್ ಯಾಕೆ?

ತಂತಿಸುಬ್ಬ:
ಅದು ನಿಜ. ಸಿಎಸ್‌ವಿ ಫೈಲ್ ಸಾಕು.

ಹಳೇಬ್ಯಾಟರಿ:
ಸಿಎಸ್‌ವಿ ಅನ್ನುವವರ ಎಸ್‌ಡಿ ಕಾರ್ಡ್ ಒಂದು ದಿನ ಕೆಡಲಿ, ಆಗ ಗೊತ್ತಾಗುತ್ತದೆ. ಎಸ್‌ಕ್ಯೂಲೈಟ್ ಹಾಕಿ.

(ಇಲ್ಲಿಂದ ಮುಂದಿನ 9 ಉತ್ತರ ಡೇಟಾಬೇಸ್ ಜಗಳ. ಬೇರೆ ಎಳೆಗೆ ಸಾಗಿಸಿದ್ದೇನೆ. ನಿರ್ವಾಹಕ)

ಎಣಿಕೆಗಾರ:
ಮೂಲ ಪ್ರಶ್ನೆಗೆ ಬರುತ್ತೇನೆ. ಒಂದು ಸಣ್ಣ ಲೆಕ್ಕ ಮಾಡಿ. 425 ದಿನ. ಮೂರು ಸಲ, ತಲಾ 4 ದಿನ, ಒಟ್ಟು 12 ದಿನಕ್ಕೆ ಲೇಬಲ್ 1. ಏನೂ ನೋಡದೆ ದಿನಾ "ಇವತ್ತು ಏನೂ ಆಗಲ್ಲ" ಅಂತ ಹೇಳುವ ಗಿಣಿಯೊಂದನ್ನು ಸಾಕಿದರೂ 413 ದಿನ ಅದರ ಮಾತು ನಿಜವಾಗುತ್ತದೆ. 413 ಭಾಗಿಸು 425, ಎಷ್ಟು ಬಂತು? 97%. ನಿಮ್ಮ ಮಾಡೆಲ್ ಆ ಗಿಣಿ.

ಇನ್ನೊಂದು. ಮಾಡೆಲ್ ಕಲಿಯುವ ದಿನ (ಟ್ರೇನ್) ಮತ್ತು ಅದನ್ನು ಪರೀಕ್ಷಿಸುವ ದಿನ (ಟೆಸ್ಟ್) ಹೇಗೆ ಬೇರೆ ಮಾಡಿದಿರಿ? ದಿನಗಳನ್ನು ಕಲಸಿ ಹಂಚಿದ್ದರೆ ಒಂದೇ ಅಡ್ಮಿಷನ್ನಿನ ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ ಬಿದ್ದಿರುತ್ತವೆ. ಉತ್ತರ ಪತ್ರಿಕೆ ನೋಡಿ ಪರೀಕ್ಷೆ ಬರೆದ ಹಾಗೆ. ಕಾಲಕ್ರಮದಲ್ಲಿ ಕತ್ತರಿಸಬೇಕು. ಮೊದಲ 300 ದಿನ ಕಲಿಯಲಿ, ಉಳಿದದ್ದರಲ್ಲಿ ಪರೀಕ್ಷೆ. ಆಕ್ಯುರಸಿ ಪಕ್ಕಕ್ಕಿಡಿ. ಮೂರರಲ್ಲಿ ಎಷ್ಟು ಹಿಡಿಯಿತು, ತಿಂಗಳಿಗೆ ಎಷ್ಟು ಸಲ ಸುಳ್ಳು ಕೂಗಿತು, ಈ ಎರಡು ಸಾಕು. ನಿಜ ಹೇಳಬೇಕೆಂದರೆ ಮೂರು ಘಟನೆಯಿಂದ ಯಾವ ಫಾರೆಸ್ಟೂ ಏನೂ ಕಲಿಯುವುದಿಲ್ಲ.

ರಾತ್ರಿಲಾಗರ್:
ಕಲಸಿಯೇ ಹಂಚಿದ್ದೆ. ಈಗ ಕಾಲಕ್ರಮದಲ್ಲಿ ಹಾಕಿ ನೋಡಿದೆ. ಒಂದೂ ಹಿಡಿಯಲಿಲ್ಲ. ಗಿಣಿ ಅಂದಿದ್ದು ಸರಿಯಾಗಿದೆ. ಬೇಜಾರಾಯಿತು, ಆದರೂ ಥ್ಯಾಂಕ್ಸ್.

ಆದರೆ ಎಸ್‌ಪಿಒ2 ಬೀಳಲೇಬೇಕಲ್ವಾ? ಮಾಡೆಲ್ ಬಿಡಿ, ಕಣ್ಣಿಗೆ ಕಾಣುವಷ್ಟಾದರೂ? ಮೊನ್ನೆಯ ವಾರದ್ದು: 92, 93, 92, 93, 93, 92, 93. ನೇರ ಗೆರೆ.

ತಂತಿಸುಬ್ಬ:
ಇಷ್ಟು ನೇರ ಗೆರೆ ಅಂದರೆ ಸೆನ್ಸರ್ ಅಂಟಿಕೊಂಡಿದೆ. ಐ2ಸಿ ಬಫರ್ ಖಾಲಿ ಆಗುತ್ತಿಲ್ಲ, ಹಳೇ ಅಂಕಿಯೇ ಬರುತ್ತಿದೆ. ನಾನು ಮೊದಲೇ ಹೇಳಿದ್ದೆ.

ವಾರ್ಡ್‌ಪಾಳಿ:
ನಾನು ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್. ಬೆಸುಗೆ ಕೆಲಸ ಹವ್ಯಾಸ. ಒಂದೇ ಪ್ರಶ್ನೆ: ಅಪ್ಪ ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುತ್ತಾರಾ?

ರಾತ್ರಿಲಾಗರ್:
ಹೌದು, ಆಕ್ಸಿಜನ್ ಕೊಡುವ ಮೆಷಿನ್, ಕಾನ್ಸಂಟ್ರೇಟರ್ ಇದೆ. ಈ ಕಾಯಿಲೆ ಅಂದಮೇಲೆ ಇದ್ದೇ ಇರುತ್ತದಲ್ಲ, ಅದಕ್ಕೇ ಬರೆಯಲಿಲ್ಲ.

ವಾರ್ಡ್‌ಪಾಳಿ:
ಎಲ್ಲರಿಗೂ ಇರುವುದಿಲ್ಲ. ನಿಮಿಷಕ್ಕೆ ಎಷ್ಟು ಲೀಟರ್? ಅದನ್ನು ತಿರುಗಿಸುವವರು ಯಾರು? ಬೆಳಿಗ್ಗೆ ಬೆರಳಿಗೆ ಸೆನ್ಸರ್ ಇಡುವಾಗ ಮೂಗಿನಲ್ಲಿ ಕೊಳವೆ ಇರುತ್ತದಾ?

ರಾತ್ರಿಲಾಗರ್:
2 ಲೀಟರ್. ಮಿಕ್ಕಿದ್ದು ಅಮ್ಮನನ್ನು ಕೇಳಿ ಹೇಳುತ್ತೇನೆ.

ತಂತಿಸುಬ್ಬ:
ಅಷ್ಟರಲ್ಲಿ ಎಲ್‌ಇಡಿ ಕರೆಂಟ್ ಹೇಳಿ.

ರಾತ್ರಿಲಾಗರ್:
ಕೇಳಿದೆ. ಕೂತು ಬರೆಯುತ್ತಿದ್ದೇನೆ.

ಅಪ್ಪನಿಗೆ ಉಸಿರು ಭಾರ ಅನಿಸಿದರೆ ಅಮ್ಮ ಹೋಗಿ ಕಾನ್ಸಂಟ್ರೇಟರಿನ ಗುಬಟು ತಿರುಗಿಸುತ್ತಾರಂತೆ. ಆ ಮೆಷಿನ್ನಿನ ಮೇಲಿನ ಕೊಳವೆಯೊಳಗೆ ಒಂದು ಸಣ್ಣ ಗುಂಡು ತೇಲುತ್ತಿರುತ್ತದಲ್ಲ, ಅದನ್ನು 3ರ ಗೆರೆಗೆ ಏರಿಸುವುದು. ಹಗುರಾದ ಮೇಲೆ 2ಕ್ಕೆ ಇಳಿಸುವುದು. ಕಳೆದ ವಾರ ಇಳಿಸಲೇ ಇಲ್ಲವಂತೆ, ಮೂರನೇ ದಿನ ಮೂರೂವರೆಗೆ ಹೋಗಿತ್ತಂತೆ. "ನಿನ್ನ ಮೆಷಿನ್ನಿನಲ್ಲಿ ಹಸಿರು ಬರುತ್ತಿತ್ತಲ್ಲ, ಸರಿಯಾಯಿತು ಅಂದುಕೊಂಡೆ" ಅಂದರು.

ಬೆಳಗಿನ 11 ಸುಳ್ಳು ಕೂಗಿನ ಕತೆಯೂ ತಿಳಿಯಿತು. ಸ್ನಾನಕ್ಕೆ ಹೋಗುವಾಗ ಕೊಳವೆ ತೆಗೆಯುತ್ತಾರೆ. ಬಂದು ಹಾಕಿಕೊಳ್ಳುವ ಮೊದಲೇ ಕೆಲವು ದಿನ ಬೆರಳಿಟ್ಟುಬಿಡುತ್ತಾರೆ.

ವಾರ್ಡ್‌ಪಾಳಿ:
ಸೆನ್ಸರ್ ಅಂಟಿಕೊಂಡಿರಲಿಲ್ಲ. ಅಮ್ಮ ಗೆರೆಯನ್ನು ನೇರವಾಗಿ ಹಿಡಿದಿಟ್ಟಿದ್ದರು. 2 ಲೀಟರಿನಲ್ಲಿ 93 ಬೇರೆ, ಮೂರೂವರೆಯಲ್ಲಿ 93 ಬೇರೆ. ನಿಮ್ಮ ಟೇಬಲ್ಲಿನಲ್ಲಿ ಎರಡೂ ಒಂದೇ ಅಂಕಿ. ಕಾಯಿಲೆ ಏರಿದ್ದು ಬೆರಳಿನಲ್ಲಿ ಕಾಣಲಿಲ್ಲ, ಗುಂಡಿನಲ್ಲಿ ಕಾಣುತ್ತಿತ್ತು.

ಅಮ್ಮನಿಗೆ ಬೈಯಬೇಡಿ. ಆದರೆ ಡಾಕ್ಟರ್ ಬರೆದುಕೊಟ್ಟದ್ದಕ್ಕಿಂತ ಜಾಸ್ತಿ ಏರಿಸುವುದು ಅಪಾಯ. ಸಿಒಪಿಡಿ ಇರುವ ಕೆಲವರಲ್ಲಿ ಆಕ್ಸಿಜನ್ ಜಾಸ್ತಿಯಾದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರುತ್ತದೆ. ಆ ಅಪಾಯ ಇರುವವರಿಗೆ 88ರಿಂದ 92ರೊಳಗೆ ಇಡುವುದು ರೂಢಿ. ನಿಮ್ಮ 90ರ ಅಲಾರಂ ಅಮ್ಮನನ್ನು ಗುಬಟಿನ ಕಡೆಗೆ ಅಟ್ಟುತ್ತಿದೆ. ಅಪ್ಪನಿಗೆ ಎಷ್ಟಿರಬೇಕು ಅಂತ ಅವರ ಡಾಕ್ಟರನ್ನೇ ಕೇಳಿ. ಮಂಪರು, ಗೊಂದಲ, ತುಟಿ ನೀಲಿ, ಮಾತಾಡಲಾಗದಷ್ಟು ಏದುಸಿರು, ಇವು ಕಂಡರೆ ಗ್ರಾಫ್ ತೆರೆಯಬೇಡಿ. ಆಸ್ಪತ್ರೆಗೆ ಹೊರಡಿ.

ರಾತ್ರಿಲಾಗರ್:
ಹಾಗಾದರೆ ಏನನ್ನು ಲಾಗ್ ಮಾಡಲಿ? ಇಷ್ಟು ದಿನದ್ದು ನೀರಲ್ಲಿ ಹೋಮವಾ?

ವಾರ್ಡ್‌ಪಾಳಿ:
ಪೂರ್ತಿ ಅಲ್ಲ. ನಾಡಿ ಕೆಲಸಕ್ಕೆ ಬರುತ್ತದೆ. ಆದರೆ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ಯಂತ್ರ) ಮೊದಲೋ ಆಮೇಲೋ ಅಂತ ಗೊತ್ತಿರಬೇಕು. ಶ್ವಾಸನಾಳ ಅಗಲಿಸುವ ಔಷಧಿ ಸಾಲ್ಬುಟಮಾಲ್ ನಾಡಿಯನ್ನು ಏರಿಸುತ್ತದೆ. ಮೊದಲೇ ಅಳೆಯಿರಿ.

ಎಲ್ಲಕ್ಕಿಂತ ಮುಖ್ಯ ಉಸಿರಿನ ಎಣಿಕೆ. ಮನೆಯಲ್ಲಿ ಆಕ್ಸಿಜನ್ ಮೇಲಿರುವವರಲ್ಲಿ ಆಸ್ಪತ್ರೆ ಸೇರುವ ಕೆಲವು ದಿನ ಮೊದಲೇ ಉಸಿರಿನ ವೇಗ ಏರುವುದನ್ನು ಅಳೆದು ನೋಡಿದ್ದಾರೆ. ಯಂತ್ರ ಬೇಡ. ಅಪ್ಪ ಕೂತಿರುವಾಗ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿಯಿರಿ. ಕಣ್ಣು ಮಾತ್ರ ಎದೆಯ ಮೇಲೆ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ 4 ವ್ಯತ್ಯಾಸ ಬರುತ್ತದೆ, ನೀವು ಹುಡುಕುತ್ತಿರುವ ಬದಲಾವಣೆಯೇ ಅಷ್ಟಿರುತ್ತದೆ. "ಉಸಿರು ಎಣಿಸುತ್ತಿದ್ದೇನೆ" ಅಂತ ಹೇಳಬೇಡಿ. ಹೇಳಿದ ಕೂಡಲೇ ಯಾರ ಉಸಿರಾದರೂ ಬದಲಾಗುತ್ತದೆ.

ಆಮೇಲೆ ಕಫ. ದಮ್ಮು ಹೆಚ್ಚಿತಾ, ಕಫ ಜಾಸ್ತಿಯಾಯಿತಾ, ಬಣ್ಣ ಹಳದಿ ಹಸಿರಿಗೆ ತಿರುಗಿತಾ: 1987ರಿಂದ ಡಾಕ್ಟರುಗಳು ಕೇಳುತ್ತಿರುವ ಮೂರು ಪ್ರಶ್ನೆ ಇವೇ. ಪ್ರತಿ ರೀಡಿಂಗಿನ ಪಕ್ಕ ಎಷ್ಟು ಲೀಟರ್ ಅಂತ ಬರೆಯಿರಿ. ದಿನಕ್ಕೆ ಎಷ್ಟು ಸಲ ನೆಬ್ಯುಲೈಸರ್ ಅಂತಲೂ.

ಎಣಿಕೆಗಾರ:
ಇದಕ್ಕೆ ಒಂದು ಸೇರಿಸುತ್ತೇನೆ. ಮುಂದೆ ಯಾರಿಗೆ ಕೆರಳುತ್ತದೆ ಅನ್ನುವುದಕ್ಕೆ ಸಿಕ್ಕಿರುವ ಅತಿ ಗಟ್ಟಿ ಸುಳಿವು ಹಿಂದಿನ ವರ್ಷ ಎಷ್ಟು ಸಲ ಕೆರಳಿತ್ತು ಅನ್ನುವುದೇ. ಸಿಒಪಿಡಿ ರೋಗಿಗಳ ಮೇಲೆ ನಡೆದು 2010ರಲ್ಲಿ ಬಂದ ಎಕ್ಲಿಪ್ಸ್ ಅಧ್ಯಯನದ ಮುಖ್ಯ ಮಾತು ಅದು. ಆದರೆ ಅದು ಯಾರಿಗೆ ಅಂತ ಹೇಳುತ್ತದೆ, ಯಾವ ದಿನ ಅಂತ ಹೇಳುವುದಿಲ್ಲ. ನಿಮಗೆ ಬೇಕಿರುವುದು ದಿನ, ಅದು ಕಷ್ಟ. ಸ್ಕಾಟ್‌ಲೆಂಡಿನಲ್ಲಿ 256 ಜನರ ಮೇಲೆ ದೂರದಿಂದ ದಿನಾ ನಿಗಾ ಇಟ್ಟು ನೋಡಿದರು, 2013ರಲ್ಲಿ ಫಲಿತಾಂಶ ಬಂತು. ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ.

ಗ್ರಾಫ್‌ಗಿರಾಕಿ:
ಉಸಿರಿನ ವೇಗಕ್ಕೆ 60 ಗಿಗಾಹರ್ಟ್ಸ್ ರೇಡಾರ್ ಮಾಡ್ಯೂಲ್ ಬರುತ್ತದೆ. ಮುಟ್ಟುವುದೇ ಬೇಡ. ನನ್ನ ಹತ್ತಿರ ಎರಡಿವೆ.

ಹಳೇಬ್ಯಾಟರಿ:
ಫ್ಯಾನ್ ಹಾಕಿದರೆ ಪರದೆ ಅಲ್ಲಾಡಿದ್ದನ್ನೂ ಉಸಿರು ಅನ್ನುತ್ತದೆ. ನಾನು ಬಳಸಿ ಬಿಟ್ಟಿದ್ದೇನೆ.

ತಂತಿಸುಬ್ಬ:
ಗುಬಟಿಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ತಿರುಗಿದ ಕೋನ ಅಳೆಯುವ ಎಎಸ್5600 ಚಿಪ್ ಇಟ್ಟರೆ ಎಷ್ಟು ತಿರುಗಿಸಿದರು ಅಂತ ತಾನಾಗೇ ಲಾಗ್ ಆಗುತ್ತದೆ. 12 ಬಿಟ್. ಬೋರ್ಡ್ ಡಿಸೈನ್ ಇವತ್ತೇ ಶುರು ಮಾಡಿದೆ.

ವಾರ್ಡ್‌ಪಾಳಿ:
ಆಕ್ಸಿಜನ್ ಪಕ್ಕ ಮನೆಯಲ್ಲಿ ಬೆಸೆದ ಬೋರ್ಡ್ ಬೇಡವೇ ಬೇಡ ಸುಬ್ಬಣ್ಣ. ಒಂದು ಚೀಟಿ, ಒಂದು ಪೆನ್ಸಿಲ್ ಕಟ್ಟಿಡಿ.

ರಾತ್ರಿಲಾಗರ್:
ಪೆನ್ಸಿಲ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನೆಬ್ಯುಲೈಸರಿಗೆ ಹಾಕುವ ಪ್ಲಾಸ್ಟಿಕ್ ಪೊಟ್ಟಣಗಳ ಡಬ್ಬ ಇದೆಯಲ್ಲ, ಅದರ ಮುಚ್ಚಳದ ಒಳಗೆ ಅಮ್ಮ ಗೀಟು ಎಳೆದಿಟ್ಟಿದ್ದಾರೆ. ಡಬ್ಬ ಖಾಲಿಯಾಗುವ ಮುಂಚೆ ತರಿಸಬೇಕು ಅಂತ. ದಿನಕ್ಕೊಂದು ಸಾಲು. ಎರಡು ಗೀಟು, ಎರಡು, ಎರಡು, ಎರಡು. ಆಮೇಲೆ ಮೂರು, ನಾಲ್ಕು, ನಾಲ್ಕು, ಐದು. ಐದನೆಯದರ ಮಾರನೇ ದಿನ ಅಡ್ಮಿಟ್.

ಹಳೇ ಡಬ್ಬಗಳು ಕಸಕ್ಕೆ ಹೋಗಿವೆ. ಇದೊಂದೇ ಉಳಿದಿರುವುದು. ನನ್ನ 850 ರೀಡಿಂಗಿನಲ್ಲಿ ಇಲ್ಲದ್ದು ರಟ್ಟಿನ ಮೇಲಿತ್ತು.

ಎಣಿಕೆಗಾರ:
ಒಂದೇ ಘಟನೆ, ಹಿಗ್ಗಬೇಡಿ. ಆದರೆ ಫಾರೆಸ್ಟ್ ತೆಗೆದುಹಾಕಿ. ಗೀಟು ಮಾಮೂಲಿಗಿಂತ ಎರಡು ಜಾಸ್ತಿ, ಅಥವಾ ಉಸಿರು ಮಾಮೂಲಿಗಿಂತ 4 ಜಾಸ್ತಿ, ಎರಡು ದಿನ ಸತತ. ಇಷ್ಟೇ ರೂಲ್. ಮಾಮೂಲಿ ಅಂದರೆ ಅಪ್ಪನ ಮಾಮೂಲಿ, ಪುಸ್ತಕದ್ದಲ್ಲ. ಕೂಗಿದರೆ ಡಾಕ್ಟರಿಗೆ ಫೋನ್, ಅಷ್ಟೇ. ಗುಬಟು ಮುಟ್ಟುವಂತಿಲ್ಲ.

ರಾತ್ರಿಲಾಗರ್ (7 ವಾರ ಬಿಟ್ಟು):
ಅಪ್‌ಡೇಟ್. ಅಪ್ಪನಿಗೆ ಎಷ್ಟಿರಬೇಕು ಅಂತ ಡಾಕ್ಟರ್ ಬರೆದುಕೊಟ್ಟರು, ಅದನ್ನು ಮೆಷಿನ್ನಿಗೆ ಅಂಟಿಸಿದ್ದೇವೆ. 90ರ ಅಲಾರಂ ತೆಗೆದೆ. ಎಣಿಕೆ ಅಮ್ಮನದೇ, ನನಗಿಂತ ಚೆನ್ನಾಗಿ ಮಾಡುತ್ತಾರೆ. ಅಪ್ಪನ ಮಾಮೂಲಿ 18, 19. ಕಳೆದ ವಾರ ಎರಡು ಬೆಳಿಗ್ಗೆ 23, 24 ಬಂತು, ಕಫ ಹಳದಿ. ಎಸ್‌ಪಿಒ2 ಆಗಲೂ 92. ಫೋನ್ ಮಾಡಿದೆವು, ಅದೇ ದಿನ ನೋಡಿ ಔಷಧಿ ಶುರು ಮಾಡಿದರು. ಅಡ್ಮಿಟ್ ಆಗಲಿಲ್ಲ. ಫೋನ್ ಮಾಡದಿದ್ದರೂ ತಾನಾಗೇ ಇಳಿಯುತ್ತಿತ್ತಾ, ಹೇಳಲಾರೆ. ಇನ್ನೊಂದು ಸಲ ಕೂಗಿದ್ದು ಸುಳ್ಳು, ಆ ಎರಡೂ ದಿನ ಎಣಿಸುವ ಮುಂಚೆ ಅಪ್ಪ ಮೆಟ್ಟಿಲು ಹತ್ತಿ ಬಂದಿದ್ದರು.

ಗ್ರಾಫ್‌ಗಿರಾಕಿ:
ಖುಷಿಯಾಯಿತು. ನನ್ನ ಹೊಸ ಡ್ಯಾಶ್‌ಬೋರ್ಡ್ ಫೋಟೋ ಹಾಕಿದ್ದೇನೆ, ನೋಡಿ.

ಹೊಸಬ_5 (4 ತಿಂಗಳ ನಂತರ):
ನಮಸ್ಕಾರ, ಹಳೇ ಎಳೆ ಎಬ್ಬಿಸಿದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆಗೂ ಡಿಟ್ಟೋ ಇದೇ ಸಮಸ್ಯೆ. 94 ತೋರಿಸುತ್ತದೆ, ಆದರೆ ಏದುಸಿರು. ಸೆಟಪ್ ಎಲ್ಲ ಮಾಮೂಲಿಯೇ. ಏನು ಮಾಡಲಿ?

ತಂತಿಸುಬ್ಬ:
ಬೆರಳು ತಣ್ಣಗಿತ್ತಾ?